ಮುತ್ತಿನವನ ಎಡಗೈ

ಶನಿವಾರ ರಾತ್ರಿ ಹನ್ನೊಂದಕ್ಕೆ ಪಾರ್ಕು ಬಾಗಿಲು ಮುಚ್ಚುತ್ತದೆ.
ನಾವು ಬಾಯಿ ಮುಚ್ಚುವುದಿಲ್ಲ.
ಉಮ್ಮುಲ್ ಕುವೈನ್ ರಸ್ತೆಯ ಬದಿ, ಪಾರ್ಕಿಂಗಿನ ಕೊನೆಯ ಸಾಲು,
ಗ್ರೆಗರಿ ಕ್ರಾಸ್ತಾನ ಹಳೆಯ ಸನ್ನಿ ಕಾರಿನ ಬಾನೆಟ್ಟಿನ ಮೇಲೆ
ನಾಲ್ಕು ಲೋಟ ಕರಕ್ ಚಹಾ, ಹುಡುಗನಿಗೊಂದು ಮಾವಿನ ಜ್ಯೂಸು,
ಮತ್ತು ಕಂಪನಿಯ ಆಯವ್ಯಯ.

"ಮೂವತ್ತೆಂಟು ಕೋಟಿ ದಿರ್ಹಮ್!" ಎಂದ ಗ್ರೆಗರಿ,
ತಾನೇ ಕೊಟ್ಟವನ ಹಾಗೆ.
ಹೊಸ ಗಿಡುಗ ಬರುತ್ತದಂತೆ, ಉಕ್ಕಿನ ಗಿಡುಗ,
ರೆಕ್ಕೆಯ ಅಡಿಗೆ ನಮ್ಮನ್ನು ನೇತುಹಾಕಿ
ಮೂರು ಸಲ ಮಗುಚಿ, ಎರಡು ನಿಮಿಷದಲ್ಲಿ ವಾಪಸು.
ಜೆಬೆಲ್ ಅಲಿಯಲ್ಲಿ ದಿನವಿಡೀ ಕ್ರೇನಿನ ತುದಿಯಲ್ಲಿ ಕೂರುವವನು,
ಎತ್ತರ ಅವನಿಗೆ ಕೂಲಿ; ಬೀಳುವುದು ಮಾತ್ರ ಮಜಾ.
"ಗಿಡುಗ ಇಲ್ಲದಿದ್ದರೆ ಜನ ಇಲ್ಲ ಮಾರಾಯ್ರೆ,
ಜನ ಇಲ್ಲದಿದ್ದರೆ ಲೈಟು ಹಾಕುವುದು ಯಾರು?
ಬೇರೆಯವರು ಕಟ್ಟುವಾಗ ನಮ್ಮದು ಕೈಕಟ್ಟಿ ಕೂರುವುದಾ?"

ನಮ್ಮದು ಎಂದ. ಯಾರೂ ನಗಲಿಲ್ಲ.

ದೇಜಪ್ಪಣ್ಣ ಲಾಂಡ್ರಿಯವರು. ಬಿಸಿಯ ಬಗ್ಗೆ ಅವರಿಗೆ ಹೇಳಿಕೊಡಬೇಕಿಲ್ಲ.
"ಸಾಲಿನಲ್ಲಿ ನಿಂತವನ ತಲೆಗೆ ಒಂದು ಚಪ್ಪರ ಇಲ್ಲ.
ಜೂನ್ ತಿಂಗಳಲ್ಲಿ ಆ ಕಬ್ಬಿಣದ ಕಂಬಿ ಮುಟ್ಟಿ ನೋಡು,
ನನ್ನ ಇಸ್ತ್ರಿಪೆಟ್ಟಿಗೆಯೇ ತಂಪು."
ಪಾಪ್‌ಕಾರ್ನಿಗೆ ಐದು ದಿರ್ಹಮ್ ಏರಿಸಿದ್ದು,
ಬೆಂಚು ಕಿತ್ತು ಅಂಗಡಿ ಇಟ್ಟದ್ದು,
ಯಾರೋ ದೊಡ್ಡವರು ಬಂದ ರಾತ್ರಿ ಏಳೇ ನಿಮಿಷಕ್ಕೆ ಸುಟ್ಟ ಸಿಡಿಮದ್ದು,
ಎಲ್ಲದಕ್ಕೂ ಅವರ ಹತ್ತಿರ ಒಂದೊಂದು ಬೆರಳು ಉಂಟು.
ಬೆರಳು ಮುಗಿದರೆ ನನ್ನದನ್ನು ಹಿಡಿದು ಮಡಿಸುತ್ತಾರೆ.

ನಾನು ಗುಜರಿ ಯಾರ್ಡಿನ ಅಕೌಂಟೆಂಟ್.
ಸವಕಳಿ, ಬಂಡವಾಳ, ಸಾಲದ ಬಡ್ಡಿ ಎಂದು ಶುರುಮಾಡಿದರೆ
ಶಾಮಿಲ್ ಜ್ಯೂಸಿನ ಕೊಳವೆಯಲ್ಲಿ ಗುಳುಗುಳು ಮಾಡುತ್ತಾನೆ.
ಹನ್ನೊಂದು ವರ್ಷ. ಪಾರ್ಕಿನ ನಕ್ಷೆ ಕಣ್ಣುಮುಚ್ಚಿ ಬಿಡಿಸುತ್ತಾನೆ,
ಮುಚ್ಚಿಹೋದ ಆಟಗಳನ್ನೂ ಸೇರಿಸಿ.

ಅವನ ಉಮ್ಮ, ಕೆ.ಜಿ. ಕ್ಲಾಸಿನ ಮಿಸ್ರಿಯಾ ಟೀಚರ್,
ಇಷ್ಟು ಹೊತ್ತು ಸುಮ್ಮನಿದ್ದವರು ಲೋಟ ಕೆಳಗಿಟ್ಟು ಕೇಳಿದರು:
"ಮುತ್ತಿನವನ ಕೈಗೆ ಎಷ್ಟು ಬೀಳಬಹುದು?"

ಮುತ್ತಿನ ದೋಣಿ, ಪಾರ್ಕಿನ ಅತಿ ಹಳೆಯ ಆಟ.
ಕತ್ತಲೆಯ ನೀರಿನಲ್ಲಿ ಆರು ನಿಮಿಷ, ಎಸಿ ಉಂಟು, ಸಾಲು ಇಲ್ಲ.
ಕೊನೆಯ ತಿರುವಿನಲ್ಲಿ ಫೈಬರಿನ ಮುಳುಗುಗಾರನೊಬ್ಬ
ಮೂಗಿಗೆ ಚಿಮಟ ಸಿಕ್ಕಿಸಿಕೊಂಡು ಮೇಲೆದ್ದು
ಎಡಗೈ ಎತ್ತಿ ಮುತ್ತು ತೋರಿಸುತ್ತಿದ್ದ.
ಎರಡು ವರ್ಷದಿಂದ ಅವನು ಏಳುತ್ತಾನೆ; ಕೈ ಏಳುವುದಿಲ್ಲ.
ಮೊಣಕೈಯೊಳಗೆ ಯಾವುದೋ ಮೋಟರು
ಕಿರ್ರ್ ಎಂದು ಸುಮ್ಮನಾಗುತ್ತದೆ.

ಯಾರ ಬಳಿಯೂ ಅಂಕಿ ಇರಲಿಲ್ಲ.
"ಮುನ್ನೂರು," ಎಂದ ಗ್ರೆಗರಿ, ದನಿ ತಗ್ಗಿಸಿ, "ನಾನಾದರೆ ಮುನ್ನೂರರಲ್ಲಿ."
"ಆನೆ ಕೊಂಡವರಿಗೆ ಅಂಕುಶಕ್ಕೆ ಕಾಸಿಲ್ಲ ನೋಡು."
"ದೋಣಿ ತೆಗೆದು ಅಲ್ಲಿಯೂ ಅಂಗಡಿ ಇಡ್ತಾರಂತೆ," ಎಂದ ಶಾಮಿಲ್.
ಆಮೇಲೆ, ಯಾರನ್ನೂ ನೋಡದೆ,
"ಅಂಕಲ್, ನಿಮ್ಮ ವರ್ಷದ ಪಾಸ್ ಎಷ್ಟು?"

ಎಂಟುನೂರ ತೊಂಬತ್ತೈದು.
ಮನೆಗೆ ಹೇಳಿದ್ದು: ಮೆಡಿಕಲ್ ಇನ್ಶೂರೆನ್ಸ್ ಕಟಿಂಗ್.
ಪಡುಬಿದ್ರಿಯಲ್ಲಿ ನನ್ನ ಹೆಂಡತಿ
ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟು
"ಎಲ್ಲಿ ನೋವು?" ಎಂದು ಎರಡು ಸಲ ಕೇಳಿದ್ದಾಳೆ.

ಉಳಿದವರೂ ಚಹಾದ ತಳ ನೋಡಿದರು.
ಯಾರ ಪಾಸಿಗೆ ಮನೆಯಲ್ಲಿ ಯಾವ ಹೆಸರು ಎಂದು ನಾನು ಕೇಳಲಿಲ್ಲ.

ಮುಂದಿನ ಶನಿವಾರ ಎಲ್ಲರೂ ಒಂದೇ ದೋಣಿ ಹತ್ತಿದೆವು.
ನೀಲಿ ದೀಪ. ಚಿಮಟದ ಮೂಗು. ಎದ್ದ. ಕಿರ್ರ್.
ಮಿಸ್ರಿಯಾ ಟೀಚರ್ ತಮ್ಮ ಎಡಗೈ ಎತ್ತಿದರು.
ಶಾಮಿಲ್ ಎತ್ತಿದ. ಸುಟ್ಟ ಕಲೆಗಳ ಕೈ, ದೇಜಪ್ಪಣ್ಣನದು.
ಗ್ರೆಗರಿಯದು ಎಲ್ಲರಿಗಿಂತ ಮೇಲೆ, ಕ್ರೇನಿನ ಹಾಗೆ.
ಖಾಲಿ ಅಂಗೈಗಳು. ನಾನೂ.

ಹಿಂದಿನ ದೋಣಿಯ ಫಿಲಿಪೀನೋ ಸಂಸಾರ
ನಾವು ಅವನಿಗೆ ಟಾಟಾ ಮಾಡುತ್ತಿದ್ದೇವೆ ಅಂದುಕೊಂಡು,
ಅಜ್ಜಿಯಿಂದ ಹಿಡಿದು ಕೂಸಿನವರೆಗೆ,
ಕೈ ಬೀಸಿತು.